‘ಬರಬಹುದು’ ಅಂದಿರಿ, ‘ಬಾ’ ಅನ್ನಲಿಲ್ಲ: ನಮ್ಮ ಸಭಾಪಾಲಕರಿಗೂ ಸಭಾ ಸಮಿತಿಗೂ ಒಂದು ಬಹಿರಂಗ ಪತ್ರ

ಮಾನ್ಯ ಸಭಾಪಾಲಕರೇ, ಸಭಾ ಸಮಿತಿಯ ಹಿರಿಯರೇ,

ಕರ್ತನಲ್ಲಿ ವಂದನೆಗಳು.

ಇದನ್ನೇ ಮೊದಲು ಲಕೋಟೆಯಲ್ಲಿ ಹಾಕಿ ನಿಮ್ಮ ಕೈಗೇ ಕೊಟ್ಟಿದ್ದೆ. ಎರಡು ಸಲ. ಮೊದಲ ಸಲ ‘ಪ್ರಾರ್ಥನೆಯಲ್ಲಿ ಇಟ್ಟಿದ್ದೇವೆ’ ಎಂಬ ಉತ್ತರ ಬಂತು. ಎರಡನೇ ಸಲ ಅದೂ ಬರಲಿಲ್ಲ. ಹಾಗಾಗಿ ಈಗ ನಾಲ್ಕು ಜನ ಓದುವ ಹಾಗೆ ಬರೆಯುತ್ತಿದ್ದೇನೆ. ಸಭೆಯ ಹೆಸರು, ಊರಿನ ಹೆಸರು, ನಿಮ್ಮ ಹೆಸರು ಯಾವುದನ್ನೂ ಹಾಕಿಲ್ಲ. ನನ್ನ ಹೆಸರನ್ನೂ ಹಾಕಿಲ್ಲ, ಅದು ಅಮ್ಮನಿಗೋಸ್ಕರ. ನಾನು ಯಾರು ಅಂತ ನಿಮಗೆ ಎರಡು ಸಾಲು ಓದುವಷ್ಟರಲ್ಲಿ ಗೊತ್ತಾಗುತ್ತದೆ. ಬೇರೆ ಊರಿನ ಬೇರೆ ಸಭೆಯವರಿಗೆ ಇದು ತಮ್ಮದೇ ಕಥೆ ಅನಿಸಿದರೆ ಅನಿಸಲಿ, ಅಡ್ಡಿಯಿಲ್ಲ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ನನಗೆ 33 ವರ್ಷ. ಕರಾವಳಿಯವಳು. ಈಗ ಬೆಂಗಳೂರಿನಲ್ಲಿ ಲೆಕ್ಕಪತ್ರದ ಕೆಲಸ. ದೀಕ್ಷಾಸ್ನಾನ, ಸಂಡೇ ಸ್ಕೂಲ್, ದೃಢೀಕರಣ ಎಲ್ಲ ಆದದ್ದು ಇದೇ ಸಭೆಯಲ್ಲಿ. ಹದಿನೈದನೇ ವಯಸ್ಸಿಗೆ ಕ್ವಯರ್, ಅಂದರೆ ಚರ್ಚಿನ ಹಾಡುವ ತಂಡ ಸೇರಿದೆ, ಆಲ್ಟೋ, ಅಂದರೆ ಹೆಂಗಸರ ತಗ್ಗು ದನಿಯ ಸಾಲು. ನಾನು ಲೆಸ್ಬಿಯನ್, ಅಂದರೆ ಹೆಣ್ಣಾಗಿ ಹೆಣ್ಣನ್ನೇ ಪ್ರೀತಿಸುವವಳು. ಕ್ರೈಸ್ತಳೂ ಹೌದು. ‘ಎರಡರಲ್ಲಿ ನಿನಗೆ ಯಾವುದು ಮುಖ್ಯ’ ಎಂದು ಚರ್ಚಿನವರೂ ಕೇಳುತ್ತಾರೆ, ಚರ್ಚಿಗೆ ಹೋಗದವರೂ ಕೇಳುತ್ತಾರೆ. ಎಡಗಾಲು ಮುಖ್ಯವೋ ಬಲಗಾಲು ಮುಖ್ಯವೋ ಅಂತ ನಿಮ್ಮನ್ನು ಯಾರಾದರೂ ಕೇಳಿದ್ದಾರಾ?

ಈಗ ನಡೆದದ್ದು.

2020ರಲ್ಲಿ ಲಾಕ್‌ಡೌನ್ ಆದಾಗ ನಾನು ಲ್ಯಾಪ್‌ಟಾಪ್ ಹಿಡಿದುಕೊಂಡು ಊರಿಗೆ ಬಂದೆ. ಕೆಲಸ ಮನೆಯಿಂದಲೇ ಆದ್ದರಿಂದ ಮೂರು ವರ್ಷ ಅಲ್ಲೇ ಉಳಿದೆ. ಚರ್ಚ್ ತೆರೆದ ಮೇಲೆ ಮತ್ತೆ ಕ್ವಯರ್‌ಗೆ ನಿಂತೆ, ಸಂಡೇ ಸ್ಕೂಲ್‌ನಲ್ಲಿ ಚಿಕ್ಕ ಮಕ್ಕಳ ಕ್ಲಾಸು ವಹಿಸಿಕೊಂಡೆ. 2022ರ ಕೊನೆಗೆ ಗಲ್ಫ್‌ನಲ್ಲಿರುವ ಹುಡುಗನ ಕಡೆಯಿಂದ ಒಂದು ಸಂಬಂಧ ಬಂತು. ಒಳ್ಳೆಯ ಮನೆತನ, ಹುಡುಗನೂ ಒಳ್ಳೆಯವನೇ. ಬೇಡ ಅನ್ನುವುದಕ್ಕೆ ಕಾರಣ ಹೇಳಲು ಆಗದೆ, ಮದುವೆ ಆಗಿ ಅವನ ಬದುಕನ್ನೂ ಹಾಳು ಮಾಡಲು ಮನಸ್ಸಾಗದೆ, ಒಂದು ಶನಿವಾರ ಸಂಜೆ ನಿಮ್ಮ ಮನೆಗೆ ಬಂದೆ, ಅಯ್ಯನವರೇ. ನಿಮ್ಮ ಮನೆಯವರು ಚಹಾ ಕೊಟ್ಟರು. ನಾನು ಎಲ್ಲ ಹೇಳಿದೆ. ಅಲ್ಲಿಯವರೆಗೆ ಊರಿನಲ್ಲಿ ಯಾರಿಗೂ ಹೇಳಿರಲಿಲ್ಲ. ನೀವು ಬೈಯಲಿಲ್ಲ, ಅದನ್ನು ಒಪ್ಪಿಕೊಳ್ಳುತ್ತೇನೆ. ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದಿರಿ. ಗೇಟಿನವರೆಗೆ ಬಂದು, ‘ಇದು ನಮ್ಮಿಬ್ಬರಲ್ಲೇ ಇರಲಿ ಮಗಳೇ’ ಅಂದಿರಿ.

ಹತ್ತೇ ದಿನ. ಸ್ತ್ರೀಯರ ಕೂಟದಲ್ಲಿ ಪ್ರಾರ್ಥನಾ ವಿಷಯಗಳನ್ನು ಹೇಳುವಾಗ, ಕಾಯಿಲೆಯಲ್ಲಿದ್ದವರು, ಪರೀಕ್ಷೆ ಬರೆಯುವವರು ಎಲ್ಲ ಮುಗಿದ ಮೇಲೆ ಒಬ್ಬರು ಎದ್ದು ನಿಂತು, ‘ನಮ್ಮಲ್ಲೇ ಒಬ್ಬ ಸಹೋದರಿಯ ಮಗಳು ಹೆಣ್ಣಿನ ಮೇಲೇ ಮನಸ್ಸಿಟ್ಟು ದಾರಿ ತಪ್ಪಿದ್ದಾಳೆ, ಬೆಂಗಳೂರಿನ ಸಹವಾಸ, ಅವಳ ಬಿಡುಗಡೆಗಾಗಿ ಬೇಡಿಕೊಳ್ಳೋಣ’ ಅಂದರು. ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ಎಲ್ಲರೂ ಅಮ್ಮನ ಕಡೆ ತಿರುಗಿದ್ದರು. ಅಮ್ಮ ಆಗ ಕೂಟದ ಕಾರ್ಯದರ್ಶಿ. ಮಿನಿಟ್ಸ್ ಬರೆಯುತ್ತಾ ಕೂತಿದ್ದಳು. (ನಮ್ಮ ಸಭೆಗಳಲ್ಲಿ ಸುದ್ದಿ ಹಬ್ಬಿಸಲು ಪ್ರಾರ್ಥನಾ ವಿಷಯಕ್ಕಿಂತ ಒಳ್ಳೆಯ ದಾರಿ ಇನ್ನೊಂದಿಲ್ಲ. ಕಣ್ಣು ಮುಚ್ಚಿಕೊಂಡು ಹೇಳಿದರೆ ಚಾಡಿ ಅನಿಸುವುದಿಲ್ಲ, ಅಲ್ವಾ?)

ಕೂಟ ಮುಗಿದ ಮೇಲೆ ಹಂಚೋಣ ಅಂತ ಅಮ್ಮ ಆ ದಿನ ಗೋಳಿಬಜೆ ಮಾಡಿಕೊಂಡು ಹೋಗಿದ್ದಳು. ಸ್ಟೀಲಿನ ದೊಡ್ಡ ಡಬ್ಬಿ, ಮುಚ್ಚಳ ಜಾರದಂತೆ ಸುತ್ತ ಬಟ್ಟೆ ಕಟ್ಟಿದ್ದು. ಕಟ್ಟಿದ ಗಂಟು ಕಟ್ಟಿದ ಹಾಗೇ ವಾಪಸ್ ಬಂತು. ರಾತ್ರಿ ಅದನ್ನೇ ತಣ್ಣಗೆ ತಿಂದೆವು, ಚಟ್ನಿಯೂ ಇಲ್ಲದೆ. ಅಮ್ಮ ಏನೂ ಕೇಳಲಿಲ್ಲ. ಮೂರು ದಿನ ಏನೂ ಕೇಳಲಿಲ್ಲ. ನಾಲ್ಕನೇ ದಿನ ಬಾವಿಕಟ್ಟೆ ಹತ್ತಿರ ಬಟ್ಟೆ ಹಿಂಡುತ್ತಾ, ನನ್ನ ಮುಖ ನೋಡದೆ, ‘ನನಗೆ ಹೇಳುವ ಮೊದಲು ಅವರಿಗೆ ಹೇಳಿದೆಯಾ?’ ಅಂದಳು. ಅಷ್ಟೇ. ನಾನು ಯಾರನ್ನು ಪ್ರೀತಿಸುತ್ತೇನೆ ಎನ್ನುವುದಕ್ಕಿಂತ ಅವಳಿಗೆ ಅದೇ ಜಾಸ್ತಿ ನೋವಾಗಿತ್ತು. ನನ್ನ ಅಮ್ಮನಿಗೆ ನನ್ನ ಬಾಯಿಂದ ಹೇಳುವ ಅವಕಾಶ ಒಂದೇ ಸಲ ಇತ್ತು, ಅಯ್ಯನವರೇ. ಅದನ್ನು ನೀವು ಬಳಸಿಕೊಂಡುಬಿಟ್ಟಿರಿ.

ಆಮೇಲೆ ಸಮಿತಿಯವರು ಕರೆಸಿದಿರಿ. ಚರ್ಚ್ ಪಕ್ಕದ ಕೋಣೆ, ಪ್ಲಾಸ್ಟಿಕ್ ಕುರ್ಚಿ, ತಟ್ಟೆಯಲ್ಲಿ ಮಾರಿ ಬಿಸ್ಕೆಟ್. ಏಳು ಗಂಡಸರು, ನಾನೊಬ್ಬಳು. ಯಾರೂ ದನಿ ಏರಿಸಲಿಲ್ಲ. ‘ನೀನು ಆರಾಧನೆಗೆ ಬರಬಹುದು, ಬೇಡ ಅನ್ನುವವರು ಯಾರೂ ಇಲ್ಲ. ಆದರೆ ಕ್ವಯರ್ ಸದ್ಯಕ್ಕೆ ಬೇಡ. ಮಕ್ಕಳ ಕ್ಲಾಸೂ ಬೇಡ. ತಂದೆ ತಾಯಂದಿರು ಕೇಳುತ್ತಾರೆ.’ ಯಾವ ತಂದೆ ತಾಯಿ ಕೇಳಿದರು ಎಂದು ನಾನು ಕೇಳಿದ್ದಕ್ಕೆ ಉತ್ತರ ಇರಲಿಲ್ಲ. ಆ ಕ್ರಿಸ್ಮಸ್ಸಿಗೆ ನನ್ನ ಕ್ಲಾಸಿನ ಮಕ್ಕಳು ನಾನು ಕಲಿಸಿದ ಹಾಡನ್ನೇ ಹಾಡಿದರು, ನಾನು ಹಿಂದಿನ ಬೆಂಚಿನಲ್ಲಿ ಕೂತು ಕೇಳಿದೆ. ಎರಡನೇ ಚರಣ ಮರೆತು ನಿಂತ ಹುಡುಗ ಜನರ ಮಧ್ಯೆ ನನ್ನನ್ನು ಹುಡುಕುತ್ತಿದ್ದ. ನಾನು ಕೂತಲ್ಲಿಂದಲೇ ತುಟಿ ಆಡಿಸಿ ತೋರಿಸಿದೆ.

ತಿಂಗಳ ಕಾಣಿಕೆ ಮಾತ್ರ ಸದ್ಯಕ್ಕೆ ಬೇಡ ಅಂತ ಯಾರೂ ಅನ್ನಲಿಲ್ಲ. ರಸೀದಿ ಸರಿಯಾಗಿ ಬರುತ್ತಿತ್ತು.

ಇನ್ನೊಂದು ವಿಷಯ ಬರೆಯುವಾಗ ಈಗಲೂ ಕೈ ತಡೆಯುತ್ತದೆ. ಸಮಿತಿಯ ಒಬ್ಬರ ಸಲಹೆ ಮೇರೆಗೆ ನನ್ನನ್ನು ಒಂದು ಪ್ರಾರ್ಥನಾ ಮನೆಗೆ ಕರೆದುಕೊಂಡು ಹೋದರು. ಎಳೆದುಕೊಂಡು ಹೋಗಲಿಲ್ಲ, ನಾನೇ ಒಪ್ಪಿ ಹೋದೆ, ಎರಡು ದಿನ ಉಪವಾಸವಿದ್ದು ಹೋದೆ. ಬದಲಾಗಿಬಿಟ್ಟರೆ ಅಮ್ಮ ಮತ್ತೆ ತಲೆ ಎತ್ತಬಹುದಲ್ಲ ಎನಿಸಿತ್ತು. ಅಲ್ಲಿ ಹಣೆಗೆ ಎಣ್ಣೆ ಹಚ್ಚಿ, ತಲೆ ಹಿಡಿದು ಅಲ್ಲಾಡಿಸುತ್ತಾ, ನನ್ನೊಳಗಿನ ಅಶುದ್ಧಾತ್ಮಕ್ಕೆ ಹೊರಟು ಹೋಗು ಅಂತ ಸುಮಾರು ನಾಲ್ಕು ಗಂಟೆ ಕೂಗಿದರು. ಏನೂ ಹೊರಟು ಹೋಗಲಿಲ್ಲ. ಕುತ್ತಿಗೆ ಒಂದು ವಾರ ನೋಯಿತು. ಆಮೇಲೆ ಹಲವು ತಿಂಗಳು, ನಾನು ಪ್ರಾರ್ಥನೆಗೆ ಕಣ್ಣು ಮುಚ್ಚಿದರೆ ಆ ಕೂಗೇ ಕೇಳುತ್ತಿತ್ತು. ಬಾಲ್ಯದಿಂದ ನನಗಿದ್ದ ಒಂದೇ ನೆಮ್ಮದಿಯ ಜಾಗ ಅದು, ಕಣ್ಣು ಮುಚ್ಚಿ ಮಾತಾಡುವುದು. ಅದೂ ಹೋಯಿತು.

ಹಿರಿಯರೇ, ಇದು ಕಾಯಿಲೆ ಅಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಹೇಳಿ ಮುಗಿಸಿದೆ. ನಮ್ಮ ದೇಶದ ಮನೋವೈದ್ಯರ ಸಂಘ 2018ರಲ್ಲಿ ಅದನ್ನೇ ಹೇಳಿತು. ಅದೇ ವರ್ಷ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್, ಇಬ್ಬರು ದೊಡ್ಡವರು ಪರಸ್ಪರ ಒಪ್ಪಿ ಪ್ರೀತಿಸುವುದು 377ನೇ ಸೆಕ್ಷನ್ ಅಡಿ ಅಪರಾಧವಲ್ಲ ಅಂದಿತು. 2021ರಲ್ಲಿ ಮದ್ರಾಸ್ ಹೈಕೋರ್ಟಿಗೆ ಇಬ್ಬರು ಹುಡುಗಿಯರ ಪ್ರಕರಣ ಬಂದಾಗ, ನ್ಯಾಯಮೂರ್ತಿ ಆನಂದ್ ವೆಂಕಟೇಶ್ ತೀರ್ಪು ಕೊಡುವ ಮೊದಲು ತಾವೇ ಮನಶ್ಶಾಸ್ತ್ರಜ್ಞರ ಹತ್ತಿರ ಕೂತು ಈ ವಿಷಯ ಕಲಿತುಕೊಂಡರು. ತನಗೆ ಗೊತ್ತಿಲ್ಲ, ಕಲಿಯಬೇಕು ಎಂದು ಒಬ್ಬ ಹೈಕೋರ್ಟ್ ಜಡ್ಜ್ ಬಾಯಿಬಿಟ್ಟು ಹೇಳಿದ್ದು ನೋಡಿ ನಾನು ಅತ್ತಿದ್ದೆ. ಆ ಪ್ರಕರಣದ ಮುಂದುವರಿಕೆಯಾಗಿಯೇ 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ, ‘ಬದಲಾಯಿಸುವ ಚಿಕಿತ್ಸೆ’ ಕೊಡುವುದು ವೈದ್ಯರ ವೃತ್ತಿಗೆ ದ್ರೋಹ ಎಂದು ಹೇಳಿದ್ದು. ಡಾಕ್ಟರು ಮಾಡಬಾರದ್ದನ್ನು ಎಣ್ಣೆ ಹಚ್ಚಿ ಮಾಡಿದರೆ ಸರಿಯಾಗುತ್ತದಾ?

‘ಇದೆಲ್ಲ ವಿದೇಶದಿಂದ ಬಂದದ್ದು’ ಎಂದು ಆ ದಿನ ಕೋಣೆಯಲ್ಲಿ ಒಬ್ಬರು ಅಂದಿರಿ. ನನಗೆ ನಗು ಬಂತು, ತಡೆದುಕೊಂಡೆ. 377ನೇ ಸೆಕ್ಷನ್ನೇ ಬ್ರಿಟಿಷರು 1860ರ ದಂಡಸಂಹಿತೆಯಲ್ಲಿ ಬರೆದಿಟ್ಟು ಹೋದದ್ದು, ಅದಿರಲಿ. ವಿದೇಶದಿಂದ ಬಂದದ್ದು ಎಂಬ ಈ ಮಾತನ್ನು ನಮ್ಮ ಮೇಲೆ, ನಮ್ಮ ಚರ್ಚಿನ ಮೇಲೆ, ನಮ್ಮ ಹೆಸರುಗಳ ಮೇಲೆ ಎಷ್ಟು ಸಲ ಎಸೆದಿಲ್ಲ? ಆ ಕಲ್ಲು ತಾಗಿದರೆ ಎಷ್ಟು ನೋಯುತ್ತದೆ ಎಂದು ಗೊತ್ತಿರುವವರೇ ಅದನ್ನು ಎತ್ತಿ ಮನೆಮಗಳ ಮೇಲೆ ಎಸೆಯುವುದಾ?

ನಮ್ಮ ಅಡುಗೆಮನೆಯ ಮಾಡಿಗೆ ಇನ್ನೂ ಹಳೆಯ ಹಂಚೇ ಇದೆ. ಮಳೆಗಾಲಕ್ಕೆ ಮುಂಚೆ ಒಡೆದದ್ದನ್ನು ತೆಗೆದು ಬೇರೆ ಇಡುವಾಗ, ಪಾಚಿ ಉಜ್ಜಿದರೆ ಹಿಂಬದಿಯಲ್ಲಿ ಒತ್ತಿದ ಇಂಗ್ಲಿಷ್ ಅಕ್ಷರ ಕಾಣುತ್ತದೆ: ಬಾಸೆಲ್ ಮಿಷನ್ (ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನರಿ ಸಂಸ್ಥೆ). ಚಿಕ್ಕವಳಿದ್ದಾಗ ಅದರ ಮೇಲೆ ಬೆರಳಾಡಿಸುವುದೇ ನನಗೊಂದು ಆಟ. ಆ ಹಂಚಿನ ಕಥೆ ನಿಮಗೂ ಗೊತ್ತು. 1834ರಲ್ಲಿ ಮಿಷನ್‌ನವರು ಮಂಗಳೂರಿಗೆ ಬಂದರು. ಆಗ ಕ್ರೈಸ್ತರಾದವರನ್ನು ಜಾತಿಯವರು ಹೊರಗೆ ಹಾಕಿದರು, ಮನೆಯವರು ಹೊರಗೆ ಹಾಕಿದರು, ಕಸುಬು ಹೋಯಿತು. ನಮ್ಮ ಮುತ್ತಜ್ಜನ ಅಪ್ಪ ಶೇಂದಿ ತೆಗೆಯುತ್ತಿದ್ದವರಂತೆ, ಅದನ್ನು ಬಿಟ್ಟ ಮೇಲೆ ಉಣ್ಣಲು ದಾರಿಯಿಲ್ಲ, ಹೆತ್ತ ತಾಯಿ ಅವರಿಗೆ ಅಂಗಳದ ಹೊರಗೆ ಎಲೆ ಹಾಕಿ ಬಡಿಸುತ್ತಿದ್ದಳಂತೆ. ಅಜ್ಜಿ ಇದನ್ನು ಹೇಳುವಾಗ ಯಾವಾಗಲೂ ಆ ಎಲೆಯ ಹತ್ತಿರ ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನಾಗುತ್ತಿದ್ದರು. ಇಂಥವರಿಗೆ ಕೆಲಸ ಬೇಕು ಎಂದೇ ಮಿಷನ್ ಮಗ್ಗಗಳನ್ನು ಹಾಕಿತು, 1865ರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿತು. ಆ ಮಿಷನರಿಗಳು ಬದುಕಿದ್ದರೆ ನನ್ನನ್ನು ಅಪ್ಪಿಕೊಳ್ಳುತ್ತಿದ್ದರು ಅಂತ ನಾನು ಹೇಳುತ್ತಿಲ್ಲ, ಬಹಳ ಕಟ್ಟುನಿಟ್ಟಿನ ಜನ ಅವರು, ಬಹುಶಃ ನಿಮಗಿಂತ ಜೋರಾಗಿ ಬೈಯುತ್ತಿದ್ದರು. ನಾನು ಹೇಳುವುದು ಇಷ್ಟು. ಮನೆಯಿಂದ ಹೊರಹಾಕಿಸಿಕೊಂಡವರು ಕೂಡಿ ಕಟ್ಟಿದ ಸಭೆ ನಮ್ಮದು. ಅಂಗಳದ ಹೊರಗೆ ಎಲೆ ಹಾಕಿಸಿಕೊಂಡವರ ಮೊಮ್ಮಕ್ಕಳು ನಾವು. ‘ಬರಬಹುದು, ಆದರೆ’ ಎಂದು ನೀವು ನನಗೆ ಹೇಳಿದ್ದು ಆ ಎಲೆಯೇ.

2023ರಲ್ಲಿ ಬೆಂಗಳೂರಿಗೆ ವಾಪಸ್ ಹೋದೆ. ಅಲ್ಲಿ ಎಲ್ಲ ಸಲೀಸಾಯಿತು ಅಂದುಕೊಳ್ಳಬೇಡಿ. 1994ರಿಂದಲೇ ಅಲ್ಲಿ ನಮ್ಮಂಥವರ ಬೆಂಬಲ ಗುಂಪು ಇದೆ, 2008ರಿಂದ ಪ್ರೈಡ್ ಮೆರವಣಿಗೆ ನಡೆಯುತ್ತಿದೆ. ಮೊದಲ ಸಲ ಆ ಮೆರವಣಿಗೆಯಲ್ಲಿ ನಡೆದಾಗ ಉಸಿರು ಪೂರ್ತಿ ಒಳಗೆ ಹೋದ ಹಾಗಾಯಿತು. ಆದರೆ ಒಂದು ಕಡೆ ಊಟಕ್ಕೆ ಕೂತಾಗ ನನ್ನ ಕುತ್ತಿಗೆಯ ಶಿಲುಬೆ ನೋಡಿ ಒಬ್ಬರು, ‘ಇನ್ನೂ ಇದನ್ನು ಹಾಕಿಕೊಳ್ಳುತ್ತೀಯಾ? ಇಷ್ಟೆಲ್ಲ ಆದ ಮೇಲೂ?’ ಅಂದರು. ಅವರ ಸಿಟ್ಟು ಅರ್ಥವಾಗುತ್ತದೆ, ಅವರಿಗೂ ಯಾರೋ ಎಣ್ಣೆ ಹಚ್ಚಿರಬಹುದು. ಆದರೂ ಆ ರಾತ್ರಿ ಮನೆಗೆ ಬಂದು ಶಿಲುಬೆಯನ್ನು ಅಂಗಿಯೊಳಗೆ ಹಾಕಿಕೊಂಡೆ. ಊರಲ್ಲಿ ಒಂದನ್ನು ಬಚ್ಚಿಡುವುದು, ಬೆಂಗಳೂರಲ್ಲಿ ಇನ್ನೊಂದನ್ನು ಬಚ್ಚಿಡುವುದು. ಸಾಕಾಗಿ ಹೋಗಿತ್ತು.

ಆಗ ಗೆಳತಿಯೊಬ್ಬಳು ಒಂದು ಮನೆಗೆ ಕರೆದುಕೊಂಡು ಹೋದಳು. ಎರಡು ಕೋಣೆಯ ಬಾಡಿಗೆ ಮನೆ, ಭಾನುವಾರ ಸಂಜೆ, ಎಂಟು ಜನ. ಒಬ್ಬರು ಕೊಂಕಣಿ ಕ್ಯಾಥೊಲಿಕ್, ಒಬ್ಬ ಕೋಲಾರ ಕಡೆಯ ಪೆಂಟೆಕೋಸ್ಟ್ ಹುಡುಗ, ಕೇರಳದ ಆರ್ಥಡಾಕ್ಸ್ ಮನೆತನದ ಇಬ್ಬರು, ಹಿಂದೆ ಒಂದು ಚರ್ಚಿನಲ್ಲಿ ಡ್ರಮ್ ಬಾರಿಸುತ್ತಿದ್ದ ಒಬ್ಬ ಟ್ರಾನ್ಸ್ ಅಕ್ಕ. ಪಾದ್ರಿ ಯಾರೂ ಇಲ್ಲ. ಹಾಡುವುದು, ಒಂದು ಭಾಗ ಓದುವುದು, ಬೇಕರಿಯ ಬನ್ ಮುರಿದು ಹಂಚಿಕೊಂಡು ತಿನ್ನುವುದು. ಇದನ್ನು ಕರ್ತನ ಭೋಜನ ಎನ್ನಬಹುದೇ ಎಂದು ನೀವು ಕೇಳಬಹುದು. ನಾವೂ ಅದರ ಬಗ್ಗೆ ಜಗಳವಾಡಿದ್ದೇವೆ, ಕ್ಯಾಥೊಲಿಕ್ ಅಣ್ಣ ಇನ್ನೂ ಒಪ್ಪಿಲ್ಲ, ಬನ್ ಮಾತ್ರ ತಿನ್ನುತ್ತಾನೆ.

ಅಲ್ಲಿ ಎಲ್ಲರೂ ದೇವದೂತರೇನಲ್ಲ. ಪಾತ್ರೆ ತೊಳೆಯುವ ಪಾಳಿ ತಪ್ಪಿಸುವವರಿದ್ದಾರೆ. ಎರಡು ವಾರ ಬಾರದೆ ಇದ್ದರೆ ಫೋನ್ ಮಾಡಿ ತಲೆ ತಿನ್ನುವವರಿದ್ದಾರೆ. ಒಂದು ಸಲ ಕೋಲಾರದ ಹುಡುಗ, ಬೇರೆಯವರು ಅಲ್ಲಿ ಹೇಳಿಕೊಂಡ ಮಾತನ್ನು ಹೊರಗೆ ಬಾಯಿಬಿಟ್ಟ. ಕೆಟ್ಟ ಉದ್ದೇಶ ಇರಲಿಲ್ಲ, ಸುಮ್ನೆ ಮಾತಿನ ಭರದಲ್ಲಿ. ಮುಂದಿನ ಭಾನುವಾರ ಹಾಡು ಶುರುವಾಗುವ ಮುಂಚೆ ಎದ್ದು ನಿಂತು, ಯಾರ ವಿಷಯ ಹೇಳಿದ್ದನೋ ಅವರ ಮುಖ ನೋಡಿ, ‘ಇದು ನಾನು ಮಾಡಿದ ತಪ್ಪು, ಇಂಥವರಿಗೆ ಹೇಳಿದೆ, ಕ್ಷಮಿಸಿ’ ಅಂದ. ಕೈ ನಡುಗುತ್ತಿತ್ತು ಅವನಿಗೆ. ಅವರು ತಕ್ಷಣ ಕ್ಷಮಿಸಲಿಲ್ಲ, ಎರಡು ವಾರ ಬರಲೂ ಇಲ್ಲ. ಆಮೇಲೆ ಬಂದರು. ಈಗ ಇಬ್ಬರೂ ಒಟ್ಟಿಗೆ ಬಸ್ಸಿಗೆ ಹೋಗುತ್ತಾರೆ. ಅವತ್ತು ಅದನ್ನು ನೋಡುತ್ತಾ ನನಗೆ ನಿಮ್ಮ ಗೇಟಿನ ನೆನಪಾಯಿತು, ಅಯ್ಯನವರೇ. ಅವನು ಮಾಡಿದ್ದೂ ನೀವು ಮಾಡಿದ್ದೂ ಒಂದೇ ತಪ್ಪು. ಅವನಿಗೆ 24 ವರ್ಷ.

ಬೈಬಲ್ ವಾಕ್ಯದ ಬಗ್ಗೆ ನಿಮ್ಮ ಜೊತೆ ವಾದಕ್ಕೆ ಕೂರುವಷ್ಟು ಓದು ನನಗಿಲ್ಲ. ಆದರೆ ನಮ್ಮಂಥವರ ವಿರುದ್ಧ ಎತ್ತಿ ತೋರಿಸುವ ಸೊದೋಮ್ ಪಟ್ಟಣದ ಪಾಪ ಏನೆಂದು ಯೆಹೆಜ್ಕೇಲನ 16ನೇ ಅಧ್ಯಾಯದಲ್ಲಿ ಬಿಡಿಸಿ ಹೇಳಿದೆಯಲ್ಲ: ಸೊಕ್ಕು, ಹೊಟ್ಟೆ ತುಂಬಿದ ನಿಶ್ಚಿಂತೆ, ಬಡವರ ಕೈ ಹಿಡಿಯದೆ ಇದ್ದದ್ದು. ಆಮೇಲೆ ಅಪೊಸ್ತಲರ ಕೃತ್ಯಗಳಲ್ಲಿ ಬರುವ ಐಥಿಯೋಪ್ಯದ ಕಂಚುಕಿ, ಅಂದರೆ ಅರಮನೆಯ ನಪುಂಸಕ ಅಧಿಕಾರಿ. ಸಂಡೇ ಸ್ಕೂಲ್‌ನಲ್ಲಿ ರಥದ ಚಿತ್ರ ಬಿಡಿಸಿ ನೀವೇ ಕಲಿಸಿದ ಪಾಠ. ಅಂಥವರು ಸಭೆಯೊಳಗೆ ಬರಬಾರದು ಎಂದು ಧರ್ಮೋಪದೇಶಕಾಂಡ ಹೇಳುತ್ತದೆ. ಅವನು ರಥದಲ್ಲಿ ಓದುತ್ತಿದ್ದದ್ದು ಯೆಶಾಯನ 53ನೇ ಅಧ್ಯಾಯ. ಅದೇ ಸುರುಳಿಯನ್ನು ಇನ್ನು ಮೂರು ಅಧ್ಯಾಯ ಬಿಚ್ಚಿದರೆ, ತಾನು ಒಣಮರ ಎಂದು ಅವನಂಥವರು ಹೇಳದಿರಲಿ, ಗಂಡು ಹೆಣ್ಣು ಮಕ್ಕಳಿಗಿಂತ ಒಳ್ಳೆಯ ಹೆಸರನ್ನು ನನ್ನ ಆಲಯದಲ್ಲೇ ಅವರಿಗೆ ಕೊಡುತ್ತೇನೆ ಎಂಬ ಮಾತಿದೆ. ನೀರು ಕಂಡ ಕೂಡಲೇ ಅವನು, ತನಗೆ ಸುವಾರ್ತೆ ಹೇಳುತ್ತಿದ್ದ ಫಿಲಿಪ್ಪನನ್ನು, ನನಗೆ ದೀಕ್ಷಾಸ್ನಾನವಾಗಲು ಏನು ಅಡ್ಡಿ ಎಂದು ಕೇಳುತ್ತಾನೆ. ಫಿಲಿಪ್ಪ ಸಮಿತಿ ಕರೆಯಲಿಲ್ಲ, ಅವನ ಜೊತೆ ನೀರಿಗಿಳಿದ.

ಸಭೆ ಹಿಂದೆಂದೂ ಬದಲಾಗಿಲ್ಲವೇ? ಹೆಂಗಸರು ಪ್ರಸಂಗಪೀಠ ಹತ್ತಬಾರದು ಎಂದು ಇದೇ ವಾಕ್ಯ ತೋರಿಸಿ ಹೇಳುತ್ತಿದ್ದ ಕಾಲವಿತ್ತು. 2013ರಲ್ಲಿ ದಕ್ಷಿಣ ಭಾರತ ಸಭೆಯಲ್ಲಿ ಪುಷ್ಪ ಲಲಿತಾ ಬಿಷಪ್ ಆದರು. ಕ್ಯಾಥೊಲಿಕರ ರೋಮ್ ಕೂಡ, ನಮ್ಮಂಥ ಜೋಡಿಗಳನ್ನು ಮದುವೆಯ ವಿಧಿಯಿಲ್ಲದೆ ಪಾದ್ರಿಗಳು ಆಶೀರ್ವದಿಸಬಹುದು ಎಂದು 2023ರ ಡಿಸೆಂಬರ್‌ನಲ್ಲಿ ಹೇಳಿತು. ನಮ್ಮ ದೇಶದ ಚರ್ಚುಗಳ ರಾಷ್ಟ್ರೀಯ ಪರಿಷತ್ತು ಈ ವಿಷಯದ ಮೇಲೆ ಎಷ್ಟೋ ವರ್ಷಗಳಿಂದ ಸಭೆ, ಅಧ್ಯಯನ ನಡೆಸುತ್ತಿದೆ. ಇದ್ಯಾವುದೂ ನಮ್ಮ ಊರಿನ ನೋಟಿಸ್ ಬೋರ್ಡಿಗೆ ಬಂದಿಲ್ಲ.

ನನ್ನ ಮದುವೆಯ ಪ್ರಕಟಣೆಯನ್ನು ಮೂರು ಭಾನುವಾರ ಓದಿ ಎಂದು ನಾನು ಕೇಳುತ್ತಿಲ್ಲ. 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟೇ ಮದುವೆಯ ಹಕ್ಕು ಕೊಡಲಿಲ್ಲ, ಆ ಆಸೆ ನನ್ನಲ್ಲಿದೆ, ಅದಕ್ಕೆ ಇನ್ನೊಂದು ಪತ್ರ ಬರೆಯೋಣ. ಈಗ ಕೇಳುವುದು ತೀರಾ ಸಣ್ಣದು.

ಮೊದಲನೆಯದಾಗಿ, ಅಮ್ಮನ ಬಳಿ ಬನ್ನಿ. ಕೂಟದ ಕಾರ್ಯದರ್ಶಿ ಸ್ಥಾನವನ್ನು ಅವಳು ತಾನಾಗೇ ಬಿಟ್ಟಳು ಎಂದು ಮಿನಿಟ್ಸ್‌ನಲ್ಲಿ ಬರೆದಿದ್ದೀರಿ, ಅದು ಸುಳ್ಳು, ಬಿಡಿಸಿದಿರಿ. ಅದನ್ನು ತಿದ್ದಿ. ನಂಬಿ ಹೇಳಿದ ಮಾತು ಹೊರಗೆ ಹೋದದ್ದು ತಪ್ಪು ಎಂದು ಅವಳ ಮುಂದೆ ಹೇಳಿ, ನನ್ನ ಮುಂದೆ ಆಮೇಲೆ ಹೇಳಿದರೂ ನಡೆಯುತ್ತದೆ. ಇನ್ನು ಮುಂದೆ ಯಾರೇ ಆಗಲಿ ನಿಮ್ಮ ಬಳಿ ಬಂದು ಹೇಳಿಕೊಂಡದ್ದು ಪ್ರಾರ್ಥನಾ ವಿಷಯವಾಗಿ ಕೂಡ ಹೊರಗೆ ಹೋಗಬಾರದು, ಇದನ್ನು ಸಮಿತಿಯಲ್ಲಿ ನಿರ್ಣಯ ಮಾಡಿ ಬರೆದಿಡಿ. ಯಾರನ್ನೂ ಆ ಪ್ರಾರ್ಥನಾ ಮನೆಗೆ ಕಳಿಸಬೇಡಿ. ‘ಮದುವೆಯಾದರೆ ಸರಿಹೋಗುತ್ತದೆ’ ಎನ್ನುವ ಬುದ್ಧಿಮಾತನ್ನು ದಯವಿಟ್ಟು ನಿಲ್ಲಿಸಿ. ಹಾಗೆ ಮದುವೆ ಮಾಡಿಸಿದ ಒಬ್ಬನ ಹೆಂಡತಿ ಇವತ್ತಿಗೂ ನಮ್ಮ ಸಭೆಯಲ್ಲೇ ಇದ್ದಾಳೆ, ಅವಳಿಗೆ ಏನು ಸರಿಹೋಯಿತು ಎಂದು ಯಾರೂ ಕೇಳಿಲ್ಲ. ಕ್ವಯರ್‌ಗೆ ನನ್ನನ್ನು ಮತ್ತೆ ಸೇರಿಸಿಕೊಳ್ಳುತ್ತೀರೋ ಇಲ್ಲವೋ, ಇಲ್ಲವಾದರೆ ಕಾರಣವೇನು, ಅದನ್ನು ಬರೆದು ಕೊಡಿ. ಬಾಯಿಮಾತಿನ ‘ಸದ್ಯಕ್ಕೆ’ ಬೇಡ.

ಸಭೆಯಲ್ಲಿ ಇನ್ನೊಂದು ಮಗು ಇದೆ. ಹುಡುಗನೋ ಹುಡುಗಿಯೋ ಹೇಳುವುದಿಲ್ಲ, ವಯಸ್ಸೂ ಹೇಳುವುದಿಲ್ಲ. ನನ್ನ ಸುದ್ದಿ ಕೇಳಿ, ಹೇಗೋ ನಂಬರ್ ಹುಡುಕಿ ಮೆಸೇಜ್ ಮಾಡಿತ್ತು: ‘ಅಕ್ಕ, ನಿಮಗೆ ಆದ ಹಾಗೆ ನನಗೂ ಆಗುತ್ತದಾ?’ ನಾನು ಇಲ್ಲ ಎಂದು ಉತ್ತರಿಸಿದೆ. ಯಾವ ಧೈರ್ಯದ ಮೇಲೆ ಹಾಗೆ ಹೇಳಿದೆನೋ ಗೊತ್ತಿಲ್ಲ. ನೀವು ಅದನ್ನು ನಿಜ ಮಾಡಬಹುದು ಅಥವಾ ನನ್ನನ್ನು ಸುಳ್ಳುಗಾರ್ತಿ ಮಾಡಬಹುದು.

ಸುಗ್ಗಿ ಹಬ್ಬಕ್ಕೆ ಊರಿಗೆ ಬರುತ್ತೇನೆ. ಅಮ್ಮ ಹಿತ್ತಿಲ ಬಾಳೆಗೊನೆ ಒಂದನ್ನು ಹರಾಜಿಗೆಂದು ತೆಗೆದಿಟ್ಟಿದ್ದಾಳೆ. ಆ ದಿನದಿಂದ ಈಚೆಗೆ ಅವಳು ಚರ್ಚಿಗೆ ಬರುವುದು ಕಡಿಮೆ, ಬಂದರೂ ಆರಾಧನೆ ಮುಗಿಯುವ ಮುಂಚೆ ಎದ್ದು ಹೋಗುತ್ತಾಳೆ ಎಂದು ನಿಮಗೂ ಗೊತ್ತು. ಈ ಸಲ ಗೊನೆ ಹೊತ್ತುಕೊಂಡು ಇಬ್ಬರೂ ಬರುತ್ತೇವೆ, ಹರಾಜು ಮುಗಿಯುವವರೆಗೂ ಇರುತ್ತೇವೆ. ಮುಂದಿನಿಂದ ಎರಡನೇ ಬೆಂಚು, ಕಿಟಕಿ ಪಕ್ಕ, ಅಜ್ಜಿ ಕೂರುತ್ತಿದ್ದ ಜಾಗ.

ಇಂತಿ ನಿಮ್ಮ ಸಭೆಯ ಸದಸ್ಯೆ,
ಆಲ್ಟೋ ಸಾಲಿನವಳು